ಮೊಣಕೈ ತಿರುವಿನ ಗಾಳಿ

ಒಂಬತ್ತು ವರ್ಷದ ಹಿಂದೆ, ಸೇತುವೆಯ ಕಂಬಕ್ಕೆ ಗಾಳಿಯ ದಿಕ್ಕು ತೋರಿಸುವ ಬಟ್ಟೆಯ ಗಾಳಿಚೀಲ ಏರಿಸಿದ ದಿನ, ದೋನ್ ನಬೋರ್ ನನ್ನಿಂದ ಒಂದು ಮಾತು ತೆಗೆದುಕೊಂಡರು. ಚಿಟ್ಟೆಗಳು ದಾಟುವ ಅಕ್ಟೋಬರ್ ದಿನಗಳಲ್ಲಿ, ಗಾಳಿಚೀಲ ಯಾವ ದಿಕ್ಕನ್ನಾದರೂ ತೋರಿಸಲಿ, ಮೊಣಕೈ ತಿರುವಿನವರೆಗೆ ನಾನೇ ನಡೆದು ಹೋಗಿ ನೋಡಿ ಬರಬೇಕು. ನೋಡುವ ತನಕ ಒಂದು ಲಾರಿಯನ್ನೂ ಬಿಡಕೂಡದು. ಬಿಡುವುದಿಲ್ಲ ಎಂದೆ.

"ಇಲ್ಲಿ ನಿಂತ್ಕೊಂಡು ಹೇಳ್ಬೇಡ ಮಗಳೇ. ಅಲ್ಲಿಗೋಗಿ ನೋಡಿ ಹೇಳು," ಎಂದರು. ಆಗಲಿ ಎಂದೆ. ಅವರು ಇನ್ನೊಂದು ಸಲ ಕೇಳಿದರು. ನಾನು ಇನ್ನೊಂದು ಸಲ ಆಗಲಿ ಎಂದೆ. ಆಗ ನನಗೆ ಸ್ವಲ್ಪ ಬೇಜಾರೂ ಆಗಿತ್ತು. ಆ ಚೀಲಕ್ಕಾಗಿ ಮೂರು ವರ್ಷ ಅರ್ಜಿ ಹಿಡಿದು ಓಡಾಡಿದವಳು ನಾನು. ಮುದುಕರು ಅದನ್ನು ಒಣಗಲು ಹಾಕಿದ ಕಾಲುಚೀಲ ನೋಡಿದಂತೆ ನೋಡುತ್ತಿದ್ದರು.

ದೋನ್ ನಬೋರ್ ಜೀವಮಾನವೆಲ್ಲ ಈ ಕಣಿವೆಯಲ್ಲಿ ಆಡು ಕಾಯ್ದವರು. ಉತ್ತರಕ್ಕೆ ಗೋಡೆಯಂತೆ ಬೆಟ್ಟದ ಸಾಲು, ಅದರ ಬುಡಕ್ಕೇ ಅಂಟಿಕೊಂಡು ಸಾಲ್ಟಿಯೋ ನಗರದ ಕಡೆಗೆ ಹೋಗುವ ಹೆದ್ದಾರಿ. ಕಿತ್ತಳೆ ರೆಕ್ಕೆಯ ಈ ಚಿಟ್ಟೆಗಳು ಬೆಟ್ಟದ ಆಚೆಯಿಂದ ಬಂದು, ನೆತ್ತಿ ದಾಟಿ, ರಸ್ತೆಯ ಮೇಲಿಂದ ದಕ್ಷಿಣಕ್ಕೆ ಹೋಗುತ್ತವೆ. ಅವುಗಳ ದಾರಿ ಬಹಳ ಹಳೆಯದು, ಲಾರಿಗಳ ದಾರಿ ನಿನ್ನೆ ಮೊನ್ನೆಯದು. ಹೆದ್ದಾರಿ ಅಗಲವಾದ ಮೇಲೆ ದೋನ್ ನಬೋರ್ ಪ್ರತಿ ಅಕ್ಟೋಬರ್‌ನಲ್ಲೂ ಒಂದು ಕೆಂಪು ಬಟ್ಟೆ ಹಿಡಿದು ರಸ್ತೆ ಬದಿಗೆ ನಿಲ್ಲುತ್ತಿದ್ದರು. ಕೆಲವರು ಲಿಫ್ಟ್ ಕೇಳುತ್ತಿದ್ದಾರೆಂದು ನಿಲ್ಲಿಸುತ್ತಿದ್ದರು, ಕೆಲವರು ಹೆಂಡತಿಯ ಲಂಗ ಬೀಸುತ್ತಿದ್ದೀಯಾ ತಾತ ಎಂದು ಹಾರ್ನ್ ಹೊಡೆದು ಹೋಗುತ್ತಿದ್ದರು. ನಾನು ಅದೇ ರಸ್ತೆಯ ರಿಪೇರಿ ತಂಡದಲ್ಲಿ ಬಾವುಟ ಹಿಡಿಯುವವಳು. ಒಂದು ದಿನ ಅವರು ಬಂದು ನನ್ನ ಹೊಳೆಯುವ ಹಳದಿ ಕೋಟನ್ನು ಮುಟ್ಟಿ ನೋಡಿ, ಇದು ಕಂಡರೆ ನಿಲ್ಲುತ್ತಾರೆ, ನನ್ನನ್ನು ಕಂಡರೆ ನಗುತ್ತಾರೆ ಎಂದರು. ಚಿಟ್ಟೆಗಳಿಗಾಗಿ ಗಾಡಿ ನಿಲ್ಲಿಸುವ ಕೆಲಸ ನನಗೆ ಬಂದದ್ದು ಹೀಗೆ.

ಚಿಟ್ಟೆಗೂ ಗಾಳಿಗೂ ಇರುವ ಲೆಕ್ಕವನ್ನು ಕಲಿಸಿದವರೂ ಅವರೇ. ಉತ್ತರದ ಗಾಳಿ ಬೆನ್ನಿಗಿದ್ದರೆ ಅವು ರೆಕ್ಕೆ ಬಿಚ್ಚಿಟ್ಟುಕೊಂಡು, ಬಡಿಯುವ ಗೋಜಿಗೇ ಹೋಗದೆ, ವಿದ್ಯುತ್ ತಂತಿಗಿಂತ ಎಷ್ಟೋ ಮೇಲೆ ತೇಲಿ ಹೋಗುತ್ತವೆ. ಗಾಳಿ ದಕ್ಷಿಣದಿಂದ ಎದುರಾದರೆ ಕೆಳಗಿಳಿಯುತ್ತವೆ. ನೆಲದ ಹತ್ತಿರ ಗಾಳಿಯ ಜೋರು ಕಡಿಮೆ ನೋಡಿ, ಪೊದೆಯಿಂದ ಪೊದೆಗೆ ತೆವಳಿದಂತೆ ಹಾರುತ್ತವೆ. ಆಗಲೇ ಲಾರಿಯ ಮೂತಿಗೆ ಸಿಗುವುದು. ಹೆದ್ದಾರಿ ಕಂಪನಿಯವರು ಕೊನೆಗೆ ಒಪ್ಪಿದ್ದು ಇಷ್ಟಕ್ಕೆ: ಗಾಳಿಚೀಲ ದಕ್ಷಿಣದ ಗಾಳಿ ತೋರಿಸಿದರೆ ಮಾತ್ರ ವಾಹನ ನಿಲ್ಲಿಸಬಹುದು, ಉತ್ತರದ ಗಾಳಿಯಾದರೆ ಬಾವುಟ ಹಿಡಿದವರು ತಿರುವನ್ನು ನೋಡಿ ಬಂದು ಬಿಟ್ಟುಬಿಡಬೇಕು. ತಿರುವನ್ನು ನೋಡಿ ಬಂದು ಎನ್ನುವ ಮೂರು ಪದವನ್ನು ಹಾಕಿಸಿದ್ದು ದೋನ್ ನಬೋರ್‌ರ ಹಟ.

ಅವರಿಗೆ ಅದರ ಕಾರಣ ಹೇಳಿದ್ದು ಆಡುಗಳು. ಆಡು ಮಲಗುವಾಗ ಗಾಳಿಗೆ ಬೆನ್ನು ಕೊಟ್ಟು ಮಲಗುತ್ತದೆ. ಉತ್ತರದ ಗಾಳಿ ಬಲವಾಗಿ ಬೀಸಿದ ಕೆಲವು ದಿನಗಳಲ್ಲಿ, ಊರಿನ ಆಡುಗಳೆಲ್ಲ ಉತ್ತರಕ್ಕೆ ಬೆನ್ನು ಹಾಕಿದ್ದರೆ, ಮೊಣಕೈ ತಿರುವಿನಲ್ಲಿದ್ದ ಆಡುಗಳು ಮಾತ್ರ ದಕ್ಷಿಣಕ್ಕೆ ಬೆನ್ನು ಹಾಕಿರುತ್ತಿದ್ದವಂತೆ. ಅಲ್ಲಿ ಬೆಟ್ಟ ಕಡಿದಾಗಿದೆ. ನೆತ್ತಿ ದಾಟಿದ ಗಾಳಿ ಮುಂದೆ ಹೋಗದೆ ಧೊಪ್ಪನೆ ಕೆಳಗೆ ಬಿದ್ದು, ನೆಲಕ್ಕೆ ಬಡಿದು, ಉರುಳಿ, ಬೆಟ್ಟದ ಕಡೆಗೇ ವಾಪಸ್ಸು ನುಗ್ಗುತ್ತದೆ ಎಂದು ಅವರು ಕೈಯನ್ನು ಸುರುಳಿ ತಿರುಗಿಸಿ ತೋರಿಸಿದ್ದರು.

ಮೊದಲ ವರ್ಷಗಳಲ್ಲಿ ನಾನು ದಿನವೂ ನಡೆದೆ. ಸೇತುವೆಯಿಂದ ತಿರುವಿಗೆ ಎಂಟುನೂರು ಮೀಟರ್, ಹೋಗಿ ಬರಲು ಇಪ್ಪತ್ತು ನಿಮಿಷ. ತಿರುವಿನಾಚೆ, ಇನ್ನೊಂದು ತುದಿಯಲ್ಲಿ ಬಾವುಟ ಹಿಡಿಯುವವನು ಎವೇಲಿಯೋ, ನನ್ನ ಗಂಡನ ಚಿಕ್ಕಪ್ಪನ ಮಗ. ನಾನು ನೋಡಿ ಬಂದ ಮೇಲೆ ಅವನು ವಾಕಿಟಾಕಿಯಲ್ಲಿ ಕೇಳಬೇಕು: ತಿರುವು ನೋಡ್ದ್ಯಾ? ನಾನು ಹೇಳಬೇಕು: ನೋಡ್ದೆ. ಆಮೇಲೆ ಅವನು ಲಾರಿಗಳನ್ನು ಬಿಡಬೇಕು. ಉತ್ತರದ ಗಾಳಿಯ ದಿನ ತಿರುವಿನಲ್ಲಿ ಎಂದೂ ಏನೂ ಕಾಣಲಿಲ್ಲ. ಚೀಲ ಹೇಳಿದ್ದೇ ಅಲ್ಲೂ ಇರುತ್ತಿತ್ತು. ಆರು ವರ್ಷ ಹೀಗೇ ಕಳೆಯಿತು. ಅಷ್ಟರಲ್ಲಿ ಗಂಡನಿಗೆ ಫ್ಯಾಕ್ಟರಿಯಲ್ಲಿ ರಾತ್ರಿ ಪಾಳಿಯಾಯಿತು, ಮಗಳು ನೆರೇಯ್ದಾಳ ನಂತರ ಚಿಕ್ಕವನು ಹುಟ್ಟಿದ, ನನ್ನ ಮಂಡಿ ನೋಯತೊಡಗಿತು. ಒಂದು ದಿನ ನಡೆಯದೆಯೇ ನೋಡಿದೆ ಎಂದೆ. ಏನೂ ಆಗಲಿಲ್ಲ. ಆಮೇಲೆ ಅದು ನಮ್ಮಿಬ್ಬರಿಗೂ ನಮಸ್ಕಾರ, ನಮಸ್ಕಾರ ಎಂದಂತಾಯಿತು. ಅವನು ಕೇಳುತ್ತಿದ್ದ, ನಾನು ಹೇಳುತ್ತಿದ್ದೆ.

ಹೋದ ಅಕ್ಟೋಬರ್‌ನ ಮೂರನೇ ಗುರುವಾರ ಬೆಳಿಗ್ಗೆ ಸುರಂಗದ ಕೆಲಸಕ್ಕೆಂದು ಎವೇಲಿಯೋನ ಕಡೆ ವಾಹನಗಳನ್ನು ಒಂದು ಗಂಟೆ ತಡೆದಿದ್ದರು. ಸಾಲು ಎರಡು ಕಿಲೋಮೀಟರ್ ಬೆಳೆದಿತ್ತು. ಮುಕ್ಕಾಲು ಪಾಲು ಕಾರಿನ ಬಿಡಿಭಾಗ ಹೊತ್ತ ಲಾರಿಗಳು. ಕಂಪನಿಯ ಇಂಜಿನಿಯರ್ ಸೆಪೂಲ್ವೆದಾ ಮೂರು ಸಲ ವಾಕಿಟಾಕಿಯಲ್ಲಿ ಬಂದು, ಸುರಂಗ ತೆರೆದಾಯಿತು, ಇನ್ನೂ ಯಾಕೆ ಬಿಟ್ಟಿಲ್ಲ ಎಂದು ವಿಚಾರಿಸಿದರು. ಹನ್ನೊಂದು ಗಂಟೆಗೆ ಉತ್ತರದ ಗಾಳಿ ಎದ್ದಿತು. ಒಣ ಗಾಳಿ, ತುಟಿ ಒಡೆಯುವಂಥದ್ದು. ಗಾಳಿಚೀಲ ಇಸ್ತ್ರಿ ಮಾಡಿದ ತೋಳಿನಂತೆ ನೆಟ್ಟಗೆ ದಕ್ಷಿಣಕ್ಕೆ ಚಾಚಿತು. ತಲೆಯೆತ್ತಿ ನೋಡಿದೆ. ಸೇತುವೆಯ ಮೇಲೆ, ಬಹಳ ಎತ್ತರದಲ್ಲಿ, ಚಿಟ್ಟೆಗಳು ಎಳ್ಳು ಚೆಲ್ಲಿದಂತೆ ಚುಕ್ಕಿ ಚುಕ್ಕಿಯಾಗಿ ತೇಲುತ್ತಿದ್ದವು. ಒಂದೂ ರೆಕ್ಕೆ ಬಡಿಯುತ್ತಿರಲಿಲ್ಲ. ಇದಕ್ಕಿಂತ ಒಳ್ಳೆಯ ಗಾಳಿ ಬೇಕೇ ಎಂದುಕೊಂಡೆ. ಬೆಳಿಗ್ಗೆ ಸುತ್ತಿಟ್ಟುಕೊಂಡ ಬೀನ್ಸ್ ತುಂಬಿದ ತೋರ್ತಿಯಾ ರೊಟ್ಟಿಯನ್ನು ಆಗ ತಾನೇ ಬಿಚ್ಚಿದ್ದೆ.

"ಇಲ್ಲೊಬ್ಬ ಡ್ರೈವರು ನನ್ನನ್ನೇ ಮದ್ವೆ ಆಗ್ತೀನಿ, ದಾರಿ ಬಿಡು ಅಂತಿದಾನೆ ಕಣೇ," ಎಂದ ಎವೇಲಿಯೋ. "ತಿರುವು ನೋಡ್ದ್ಯಾ?"

"ನೋಡ್ದೆ."

"ಬಿಡ್ಲಾ?"

"ಬಿಡು."

ನಾಲ್ಕು ನಿಮಿಷಕ್ಕೆ ಮೊದಲ ಲಾರಿ ಬಂತು. ದೂರದಿಂದಲೇ ಅದರ ಮೂತಿ ಕಿತ್ತಳೆ ಬಣ್ಣಕ್ಕೆ ಹೊಳೆಯುತ್ತಿತ್ತು. ಸತ್ತವರ ಹಬ್ಬ ಹತ್ತಿರ ಬಂದಿತ್ತು, ಆ ವಾರವೆಲ್ಲ ಸಮಾಧಿಗಳಿಗೆ ಏರಿಸುವ ಚೆಂಡುಹೂವಿನ ಗಾಡಿಗಳು ಓಡಾಡುತ್ತಿದ್ದವು. ಯಾವುದೋ ಹೂವಿನ ಗಾಡಿಯ ಮೂಟೆ ಒಡೆದು ಇದರ ಮೇಲೆ ಸುರಿದಿದೆ, ಪಾಪ, ಹೂವಿನವನ ಗತಿಯೇನು ಎಂದು ನಾನು ಯೋಚಿಸಿದ್ದು ನನಗೆ ಈಗಲೂ ಸ್ಪಷ್ಟವಾಗಿ ನೆನಪಿದೆ. ಲಾರಿ ತೂರಾಡುತ್ತ ಬಂದು ನನ್ನ ಮುಂದೆ ನಿಂತಿತು. ಗಾಜು ಒರೆಸುವ ಕಡ್ಡಿಗಳು ಮುದ್ದೆಯ ನಡುವೆ ಸಿಕ್ಕಿ ನಿಂತುಬಿಟ್ಟಿದ್ದವು. ಡ್ರೈವರ್ ಬಾಗಿಲು ತೆರೆದ. ಇಳಿಯಲಿಲ್ಲ, ಕಾಲು ಇಳಿಬಿಟ್ಟು ಕೂತ.

"ಅಕ್ಕಾ, ಗಾಜಲ್ಲಿ ಏನೂ ಕಾಣ್ಲಿಲ್ಲ," ಎಂದ. "ಬ್ರೇಕ್ ಹಾಕೋಣ ಅಂದ್ರೆ ಹಿಂದೆ ಅಷ್ಟೂ ಗಾಡಿ."

ಅವನ ಕನ್ನಡಿಯ ಮೇಲೆ ಒಂದು ದಳ ಅಂಟಿಕೊಂಡಿತ್ತು. ನಾನು ನೋಡುತ್ತಿದ್ದಂತೆ ಅದು ತೆರೆಯಿತು, ಮುಚ್ಚಿತು, ಮತ್ತೆ ತೆರೆಯಿತು.

ನಿಲ್ಲಿಸು ಎಂದು ನಾನು ವಾಕಿಟಾಕಿಯಲ್ಲಿ ಹೇಳಿದೆನಂತೆ. ಎವೇಲಿಯೋಗೆ ಮೊದಲ ಸಲ ಕೇಳಿಸಲಿಲ್ಲವಂತೆ. ಎರಡನೇ ಸಲ ಎಷ್ಟು ಮೆಲ್ಲಗೆ ಹೇಳಿದೆನೆಂದರೆ ಯಾರೋ ಸತ್ತರು ಎಂದುಕೊಂಡನಂತೆ. ಅವನು ಕೆಂಪು ಬಾವುಟ ಎತ್ತುವಷ್ಟರಲ್ಲಿ ಮೂವತ್ತನಾಲ್ಕು ಗಾಡಿಗಳು ಒಳಗೆ ಬಂದಾಗಿತ್ತು. ಅವುಗಳನ್ನು ನಡುವೆ ನಿಲ್ಲಿಸುವ ಉಪಾಯ ಯಾರ ಹತ್ತಿರವೂ ಇರಲಿಲ್ಲ. ಒಂದೊಂದಾಗಿ ಬಂದವು, ಒಂದರ ಹಿಂದೆ ಒಂದು ನಿಂತವು. ಎರಡನೆಯದು ಮೊದಲನೆಯದಕ್ಕಿಂತ ಹೆಚ್ಚು ಕಿತ್ತಳೆ. ಆರನೆಯದರ ರೇಡಿಯೇಟರ್ ಕಟ್ಟಿಕೊಂಡು ಹಬೆ ಏಳುತ್ತಿತ್ತು. ಆ ಹಬೆಗೆ ಒಂದು ವಾಸನೆಯಿತ್ತು, ಅದನ್ನು ಬರೆಯಲು ನನ್ನಿಂದಾಗದು. ಸಾಲಿನ ಬಾಲ ಸೀದಾ ತಿರುವಿನೊಳಗೇ ಹೋಗಿ ನಿಂತಿತು.

ಬಾವುಟ ಬಿಸಾಕಿ ಓಡಿದೆ. ಎಂಟುನೂರು ಮೀಟರ್. ಲಾರಿಗಳ ಪಕ್ಕದಲ್ಲೇ ಓಡುತ್ತಿದ್ದೆ. ಸಂದುಗಳಿಂದ ನುಗ್ಗುವ ಉತ್ತರದ ಗಾಳಿ ಎಡಗೆನ್ನೆಗೆ ಮರಳು ಬಡಿಯುತ್ತಿತ್ತು. ಚೀಲ ಸರಿಯಾಗಿಯೇ ಹೇಳಿದೆ, ಉತ್ತರದ ಗಾಳಿಯೇ, ಮತ್ತೆ ಹೇಗೆ ಎಂದು ಇದೊಂದನ್ನೇ ಹೇಳಿಕೊಳ್ಳುತ್ತಿದ್ದೆ. ತಿರುವಿನ ಬಂಡೆ ದಾಟಿದೆ. ಎಡಗೆನ್ನೆಯ ಗಾಳಿ ಯಾರೋ ಬಾಗಿಲು ಹಾಕಿದಂತೆ ನಿಂತುಹೋಯಿತು. ನಾಲ್ಕು ಹೆಜ್ಜೆ ಏನೂ ಇರಲಿಲ್ಲ. ಐದನೇ ಹೆಜ್ಜೆಗೆ ಗಾಳಿ ಬಲಗೆನ್ನೆಗೆ ಹೊಡೆಯಿತು.

ನಾನು ಅಲ್ಲೇ ನಿಂತೆ.

ಮೇಲೆ, ಬೆಟ್ಟದ ನೆತ್ತಿಯಲ್ಲಿ, ಅವು ಚೆನ್ನಾಗಿಯೇ ಬರುತ್ತಿದ್ದವು. ರೆಕ್ಕೆ ಬಿಚ್ಚಿಕೊಂಡು, ಆರಾಮವಾಗಿ, ಸಾವಿರ ಸಾವಿರ. ನೆತ್ತಿ ದಾಟಿದ್ದೇ ತಡ, ಕಾಲ ಕೆಳಗಿನ ಹಲಗೆ ಎಳೆದಂತೆ ಬೀಳುತ್ತಿದ್ದವು. ಬೀಳುತ್ತ ಬಂಡೆಗೆ ಬಡಿಯುತ್ತಿದ್ದವು, ಪೊದೆಗೆ ಬಡಿಯುತ್ತಿದ್ದವು, ಎದ್ದು ದಕ್ಷಿಣಕ್ಕೆ ಹಾರಲು ನೋಡಿದರೆ ಎದುರುಗಾಳಿ ಅವನ್ನು ಎತ್ತಿ ರಸ್ತೆಯ ಮೇಲೇ ತಂದು ಹಾಕುತ್ತಿತ್ತು. ಮುಂದಕ್ಕೂ ಹೋಗುವಂತಿಲ್ಲ, ಹಿಂದಕ್ಕೂ ಹೋಗುವಂತಿಲ್ಲ. ಲಾರಿಯ ಚಕ್ರದಷ್ಟು ಎತ್ತರದಲ್ಲಿ ಇಡೀ ತಿರುವು ಕುದಿಯುವ ಪಾತ್ರೆಯಾಗಿತ್ತು. ಗಾಡಿಗಳು ನಿಂತು ಐದು ನಿಮಿಷವಾಗಿತ್ತು. ಚಿಟ್ಟೆಗಳು ಇನ್ನೂ ಬೀಳುತ್ತಲೇ ಇದ್ದವು.

ಕೆಳಗೆ ನೋಡಿದೆ. ಡಾಂಬರು ಕಾಣಲಿಲ್ಲ. ಬಿಳಿ ಗೆರೆ ಕಾಣಲಿಲ್ಲ. ಒಂದು ಹೆಜ್ಜೆ ಇಟ್ಟೆ, ಕಾಲಡಿ ಒಣ ಸಿಪ್ಪೆ ಮುರಿದಂಥ ಸದ್ದಾಯಿತು. ಇಟ್ಟ ಕಾಲನ್ನು ಎತ್ತಲಾರದೆ, ಎತ್ತಿದ್ದನ್ನು ಇಡಲಾರದೆ ನಿಂತೆ. ಕೆಲವು ಒಂದು ರೆಕ್ಕೆ ಡಾಂಬರಿಗೆ ಅಂಟಿ, ಇನ್ನೊಂದನ್ನು ಬಡಿಯುತ್ತಿದ್ದವು. ಕೆನಡಾದ ಗಡಿಯಿಂದ ಬಂದ ಚಿಟ್ಟೆಗಳು ಇವು, ಮೂರು ಸಾವಿರ ಕಿಲೋಮೀಟರ್ ಹಾರಿ ಬಂದವು. ಇನ್ನು ಎರಡು ವಾರ ಹಾರಿದ್ದರೆ ಚಳಿಗಾಲ ಕಳೆಯುವ ಮಿಚೋಕಾನ್ ಕಾಡು ಸೇರುತ್ತಿದ್ದವು. ಇದನ್ನು ನಾನೇ ಎಷ್ಟೋ ಸಲ ನೆರೇಯ್ದಾಳ ಶಾಲೆಯಲ್ಲಿ ಮಕ್ಕಳ ಮುಂದೆ ನಿಂತು ಹೇಳಿದ್ದೆ.

ಕತ್ತಿನ ತುಂಬ ಹಚ್ಚೆ ಹಾಕಿಸಿಕೊಂಡ ಒಬ್ಬ ದಡೂತಿ ಡ್ರೈವರ್ ಟೋಪಿ ತೆಗೆದು, ಅದರೊಳಗೆ ಜೀವವಿದ್ದವನ್ನು ಆರಿಸಿ ಹಾಕಿಕೊಳ್ಳುತ್ತಿದ್ದ. ಇಷ್ಟು ದಪ್ಪ ಬೆರಳುಗಳು, ಮೀನಿನ ಮುಳ್ಳು ತೆಗೆಯುವಷ್ಟು ಜಾಗ್ರತೆ. ಟೋಪಿ ತುಂಬಿದಾಗ ಎಲ್ಲಿ ಇಡಲಿ ಎಂದು ನನ್ನನ್ನು ಕೇಳಿದ. ಗಾಳಿಯ ಮರೆಗೆ, ಬಂಡೆಯ ಹಿಂದೆ ಎಂದು ತೋರಿಸಿದೆ. ಬದುಕುತ್ತವೆಯೇ ಎಂದು ಕೇಳಿದ. ನನಗೆ ಗೊತ್ತಿರಲಿಲ್ಲ. ಇದನ್ನು ಮಾಡಿದ್ದು ನಾನು ಎಂದು ಅವನಿಗೂ ಗೊತ್ತಿರಲಿಲ್ಲ.

ಆ ಕಡೆಯಿಂದ ಎವೇಲಿಯೋ ಬಂದ. ನನ್ನ ಹತ್ತಿರ ಬಂದು ನಿಂತು, ತಿರುವಿನ ಆ ತುದಿಯಿಂದ ಈ ತುದಿಯವರೆಗೆ ನೋಡಿದ. ಅವನ ಬಾಯಲ್ಲಿ ಒಂದು ತಮಾಷೆ ಇಲ್ಲದ ದಿನವನ್ನು ನಾನು ನೋಡಿಯೇ ಇರಲಿಲ್ಲ.

"ನೋಡ್ದೆ ಅಂದ್ಯಲ್ಲೇ," ಎಂದ.

ನಾನು ವಾಕಿಟಾಕಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೆ.

"ನೀ ನೋಡಿರಲ್ಲ ಅಂತ ನಂಗೆ ಗೊತ್ತಿತ್ತು," ಎಂದ. "ಮೂರು ವರ್ಷದಿಂದ ಗೊತ್ತು. ಆದ್ರೂ ಕೇಳ್ತಿದ್ದೆ ನೋಡು."

ವಾಕಿಟಾಕಿಯಲ್ಲಿ ಸೆಪೂಲ್ವೆದಾ ಬಂದರು. ಅಷ್ಟರಲ್ಲಿ ಯಾರೋ ಡ್ರೈವರ್ ಫೋನಿನಿಂದ ವಿಡಿಯೋ ಹಾಕಿಬಿಟ್ಟಿದ್ದ. ಅವರು ಕೂಗಾಡುತ್ತಾರೆಂದು ಕಾದೆ. ಅವರು ಕೂಗಾಡಲಿಲ್ಲ, ಬಹಳ ಮೃದುವಾಗಿ ಮಾತಾಡಿದರು. ನೀರಿನ ಟ್ಯಾಂಕರ್ ಕಳಿಸುತ್ತಿದ್ದಾರೆ, ರಸ್ತೆ ತೊಳೆಯುತ್ತಾರೆ. ಇವತ್ತೇ ವರದಿ ಬರೆದು ಕೊಡಬೇಕು. ಗಾಳಿ ಏಕಾಏಕಿ ತಿರುಗಿತು ಎಂದು ಬರೆದರೆ ಸಾಕು, ಯಾರ ತಪ್ಪೂ ಆಗುವುದಿಲ್ಲ. ಗಾಳಿಚೀಲವನ್ನು ನಂಬಿ ಪ್ರಯೋಜನವಿಲ್ಲ ಎಂದಾಗುತ್ತದೆ. ಹಾಗಾದರೆ ಅದನ್ನು ನಂಬಿ ಮಾಡಿದ ಒಪ್ಪಂದವೂ ಮುಂದಿನ ವರ್ಷದಿಂದ ಇರುವುದಿಲ್ಲ. ಅದು ಬೇರೆ ವಿಷಯ, ಮೇಲಿನವರು ನೋಡಿಕೊಳ್ಳುತ್ತಾರೆ.

"ನೋಡಿ ಕಸಿಲ್ದಾ ಅವ್ರೇ, ಇಲ್ಲಾಂದ್ರೆ ನಿಮ್ಮ ಹೆಸರು ಬರುತ್ತೆ," ಎಂದರು. "ಮನೇಲಿ ಮಕ್ಕಳಿದಾರೆ. ಯೋಚ್ನೆ ಮಾಡಿ ಬರೀರಿ."

ನಾನು ಯೋಚನೆ ಮಾಡಿದೆ. ಮಾಡಲಿಲ್ಲ ಎಂದು ಸುಳ್ಳು ಹೇಳುವುದಿಲ್ಲ. ನೆರೇಯ್ದಾಳ ಶಾಲೆ, ಚಿಕ್ಕವನ ಡಾಕ್ಟರ್, ಎಲ್ಲ ಒಂದೇ ಸಲ ಕಣ್ಣ ಮುಂದೆ ಬಂದವು. ಗಾಳಿ ಏಕಾಏಕಿ ತಿರುಗಿತು. ಎಷ್ಟು ಸುಲಭದ ವಾಕ್ಯ. ಅದನ್ನು ಬರೆದರೆ ನನ್ನ ಕೆಲಸ ಉಳಿಯುತ್ತದೆ, ಮುಂದಿನ ಅಕ್ಟೋಬರ್‌ನಲ್ಲಿ ಎಂಥ ಗಾಳಿ ಬಂದರೂ ಲಾರಿ ನಿಲ್ಲಿಸುವವರು ಇರುವುದಿಲ್ಲ.

ಆಗ ದೋನ್ ನಬೋರ್ ಬಂದರು. ಅವರ ಗುಡಿಸಲು ತಿರುವಿನ ಕೆಳಗಿನ ಹಳ್ಳದಲ್ಲಿದೆ. ಎಂಬತ್ತು ದಾಟಿದೆ, ಎರಡು ಕಣ್ಣಿಗೂ ಪೊರೆ ಬಂದು ನಾಲ್ಕು ವರ್ಷವಾಯಿತು, ಬೆಳಕು ಕತ್ತಲೆ ಬಿಟ್ಟರೆ ಏನೂ ಕಾಣದು. ಕೋಲೂರಿಕೊಂಡು, ಅಭ್ಯಾಸದ ದಾರಿಯಲ್ಲಿ ಹತ್ತಿ ಬಂದಿದ್ದರು. ನಿಂತ ಲಾರಿಗಳ ಎಂಜಿನ್ ಸದ್ದು ಕೇಳಿ ಬಂದೆ ಎಂದು ಆಮೇಲೆ ಹೇಳಿದರು. ರಸ್ತೆಯ ಅಂಚಿಗೆ ಬಂದವರು ಮುಖವನ್ನು ದಕ್ಷಿಣಕ್ಕೆ ತಿರುಗಿಸಿ, ಬೀಸುವ ಗಾಳಿಗೆ ಒಡ್ಡಿ ಸ್ವಲ್ಪ ಹೊತ್ತು ನಿಂತರು. ಆಮೇಲೆ ಒಂದು ಹೆಜ್ಜೆ ರಸ್ತೆಯ ಮೇಲಿಟ್ಟರು. ಆ ಸದ್ದು ಅವರಿಗೂ ಕೇಳಿಸಿತು. ಕಾಲನ್ನು ಹಿಂದಕ್ಕೆ ತೆಗೆದುಕೊಂಡು, ಮೆಲ್ಲಗೆ ಕುಕ್ಕರುಗಾಲಲ್ಲಿ ಕೂತು, ಅಂಗೈಯನ್ನು ನೆಲದ ಮೇಲಿಟ್ಟರು. ಅಂಗೈಯನ್ನು ಆ ಕಡೆ ಸರಿಸಿದರು, ಈ ಕಡೆ ಸರಿಸಿದರು. ಎಲ್ಲಿ ಸರಿಸಿದರೂ ಅವೇ. ಅವರ ಬಾಯಿ ತೆರೆದುಕೊಂಡಿತು, ಮುಚ್ಚಲಿಲ್ಲ.

ನಾನು ಹತ್ತಿರ ಹೋದೆ. ನನ್ನ ಹೆಜ್ಜೆಯಿಂದಲೇ ಗುರುತಿಸಿದರು.

"ಎಲ್ಲೀವರ್ಗೂ ಇದೆ ಮಗಳೇ?"

ತಿರುವಿನುದ್ದಕ್ಕೂ ಎಂದೆ.

"ನೋಡಿದ್ದ್ಯಾ, ಬಿಡೋಕ್ಕೆ ಮುಂಚೆ?"

ಎವೇಲಿಯೋ ಬೇರೆ ಕಡೆ ನೋಡಿದ. ವಾಕಿಟಾಕಿ ನನ್ನ ಸೊಂಟದಲ್ಲಿ ಕರಕರ ಎನ್ನುತ್ತಿತ್ತು. ಇಲ್ಲ ಎಂದೆ.

"ಇವತ್ತೊಂದಿನಾನಾ?"

"ಮೂರು ವರ್ಷ ಆಯ್ತು ದೋನ್ ನಬೋರ್."

ಅವರು ಬೈಯಲಿಲ್ಲ. ಬೈದಿದ್ದರೆ ನಾನು ಏನಾದರೂ ಹೇಳುತ್ತಿದ್ದೆ, ಮಂಡಿಯ ವಿಷಯ, ಪಾಳಿಯ ವಿಷಯ. ಅವರು ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಳ್ಳಲು ಹೋಗಿ, ಒರೆಸಿಕೊಳ್ಳದೆ, ಗಾಳಿಯಲ್ಲಿ ಹಾಗೇ ಹಿಡಿದುಕೊಂಡರು. ಕಿತ್ತಳೆ ಪುಡಿ ಮಣಿಕಟ್ಟಿನವರೆಗೂ ಹತ್ತಿತ್ತು.

"ಕಣ್ಣು ಹೋದ್ಮೇಲೆ ನಾನು ಕೇಳಿಸ್ಕೋತಿದ್ದೆ ಅಷ್ಟೆ," ಎಂದರು. "ಲಾರಿ ಸದ್ದು ನಿಲ್ತಿತ್ತು. ಸ್ವಲ್ಪ ಹೊತ್ತಾದ್ಮೇಲೆ ಶುರುವಾಗ್ತಿತ್ತು. ಈಗ ಕಸಿಲ್ದಾ ನಡ್ಕೊಂಡು ಬಂದಿದಾಳೆ, ಈಗ ವಾಪಸ್ ಹೋಗ್ತಿದಾಳೆ ಅಂತ ಲೆಕ್ಕ ಹಾಕ್ತಿದ್ದೆ."

ಆ ಹೊತ್ತಿನಲ್ಲಿ ನಾನು ಸೇತುವೆಯ ಕಟ್ಟೆಯ ಮೇಲೆ ಕೂತು ಊಟ ಮಾಡುತ್ತಿದ್ದೆ.

ಟ್ಯಾಂಕರ್ ಬಂತು. ನೀರು ಬಿಡುವ ಮುಂಚೆ ಆ ದಡೂತಿ ಡ್ರೈವರ್ ಅಡ್ಡ ನಿಂತು, ಇನ್ನೂ ಹತ್ತು ನಿಮಿಷ ಕೊಡಿ ಎಂದ. ಉಳಿದ ಡ್ರೈವರ್‌ಗಳೂ ಇಳಿದರು. ಯಾರೂ ಹಾರ್ನ್ ಹೊಡೆಯಲಿಲ್ಲ. ಹತ್ತು ನಿಮಿಷ ಒಂದು ಗಂಟೆಯಾಯಿತು. ಎವೇಲಿಯೋ, ನಾನು, ಆ ಡ್ರೈವರ್‌ಗಳು ಬಗ್ಗಿ ಬಗ್ಗಿ ಆರಿಸಿ ಬಂಡೆಯ ಹಿಂದೆ ಇಟ್ಟೆವು. ಬೆರಳೆಣಿಕೆಯಷ್ಟು ಹಾರಿದವು. ಉಳಿದವನ್ನು ನೀರು ಚರಂಡಿಗೆ ಒಯ್ದಿತು. ಬಹಳ ಹೊತ್ತು ಒಯ್ಯುತ್ತಲೇ ಇತ್ತು.

ಸಂಜೆ ಕಚೇರಿಯಲ್ಲಿ ಕೂತು ವರದಿ ಬರೆದೆ. ಗಾಳಿ ಏಕಾಏಕಿ ತಿರುಗಲಿಲ್ಲ. ಉತ್ತರದ ಗಾಳಿ ಬಲವಾಗಿರುವ ಕೆಲವು ದಿನ ಮೊಣಕೈ ತಿರುವಿನಲ್ಲಿ ಗಾಳಿ ಹೀಗೇ ಹಿಂದಿರುಗುತ್ತದೆ. ಅದಕ್ಕಾಗಿಯೇ ನೋಡಿ ಬರಬೇಕೆಂಬ ನಿಯಮವಿತ್ತು. ಬಾವುಟ ಹಿಡಿದವಳು ನೋಡಿ ಬರಲಿಲ್ಲ, ನೋಡಿದೆನೆಂದು ಹೇಳಿದಳು. ಕೆಳಗೆ ಹೆಸರು ಹಾಕಿದೆ. ಸೆಪೂಲ್ವೆದಾ ಅದನ್ನು ಎರಡು ಸಲ ಓದಿ, ನನ್ನ ಮುಖ ನೋಡಿ, ಕಡತದೊಳಗೆ ಇಟ್ಟುಕೊಂಡರು.

ಸೋಮವಾರ ನನ್ನ ಹಳದಿ ಕೋಟು ವಾಪಸ್ಸು ಕೇಳಿದರು. ನಿಯಮ ಹಾಗೇ ಉಳಿದಿದೆ. ಈಗ ಸೇತುವೆಯಲ್ಲಿ ಬೇರೆ ಹೆಂಗಸು ನಿಲ್ಲುತ್ತಾಳೆ, ತಿರುವಿನವರೆಗೆ ನಡೆಯುತ್ತಾಳೆ ಎಂದು ಎವೇಲಿಯೋ ಹೇಳುತ್ತಾನೆ.

ದೋನ್ ನಬೋರ್‌ಗೆ ನಾನು ಕೊಟ್ಟ ಮಾತು ಆ ಗುರುವಾರ ಮುರಿದದ್ದಲ್ಲ, ಮೂರು ವರ್ಷದ ಹಿಂದೆಯೇ ಮುರಿದಿತ್ತು. ಮುರಿದವಳು ನಾನು.